ದೋಣಿಯ ಮೇಲೊಂದು ಹಂದರ

ನನಗೆ ಬಾರದ ಕೆಲಸವನ್ನು ಬೇರೆಯವರು ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು ಸಲಹೆ ಕೊಡುವುದು ನನ್ನ ಹಳೆಯ ಚಟ. ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲವಾದ್ದರಿಂದ ಅದನ್ನು ಹೊರಗೆ ಹೋಗಿ ತೀರಿಸಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಶಿರಗುಪ್ಪಿ ಕಡೆಯ ಒಂದು ಹೊಳೆದಂಡೆಯ ಊರಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದಾಗ ಈ ಚಟಕ್ಕೆ ಸಿಕ್ಕವನು ಭೀಮಪ್ಪ. ಕೃಷ್ಣೆಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗ.

ಭೀಮಪ್ಪನದು ಒಂದೇ ದೋಣಿ. ಗಾಳಿ ಒಲಿದ ದಿನ ಹಳೆಯ ದುಪ್ಪಟಿಗಳನ್ನು ಹೊಲಿದು ಮಾಡಿದ ಹಾಯಿಯನ್ನೂ ಏರಿಸುತ್ತಿದ್ದ. ಆಗ ಅವನ ಮುಖದಲ್ಲಿ ಮದುಮಗನ ಕಳೆ ಬರುತ್ತಿತ್ತು. ಮಳೆ ಹಿಡಿದು ಹೊಳೆಯ ನೀರು ಕೆಂಪಾಯಿತೆಂದರೆ ದೋಣಿಯನ್ನು ಎತ್ತರದ ದಂಡೆಗೆ ಎಳೆದು, ನೆರೆ ಇಳಿಯುವ ತನಕ ಮುಚ್ಚಿಡಬೇಕು. ಹಿಂದಿನ ವರ್ಷ ಬರೀ ತಾಡಪತ್ರಿ ಹೊದಿಸಿದ್ದ. ನಡುವೆ ನೀರು ನಿಂತು, ತಾಡಪತ್ರಿ ಜೋತು, ಕೊನೆಗೆ ಹರಿದು, ದೋಣಿಯೊಳಗೆ ಕೆರೆಯಾಯಿತು. ಎರಡು ಹಲಗೆ ಕೊಳೆತು ಹೋದವು. ಇನ್ನೊಂದು ಮಳೆಗಾಲ ಹಾಗೇ ಕಳೆದರೆ ಉಳಿದದ್ದು ಒಲೆಗೆ ಹೋಗುವುದೇ ಸೈ. ಅವನಿಗೆ ಹೊಲವಿಲ್ಲ, ದನವಿಲ್ಲ. ಇದ್ದದ್ದು ಆ ದೋಣಿ ಮತ್ತು ಅವನ ಹೆಂಡತಿ ಗಂಗವ್ವ. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಪ್ರೀತಿ ಎಂದು ಗಂಗವ್ವನನ್ನು ಕೇಳಿದರೆ ಆಕೆ ದೋಣಿಯ ಕಡೆ ಕೈ ತೋರಿಸುತ್ತಿದ್ದಳು.

ಆ ವರ್ಷ ತಾಡಪತ್ರಿಯ ಕೆಳಗೆ ಬಿದಿರಿನ ಹಂದರ ಕಟ್ಟುವುದೆಂದು ಭೀಮಪ್ಪ ನಿರ್ಧರಿಸಿ, ಶೇಡಬಾಳದಿಂದ ಬಿದಿರು ತಂದ. ಹಂದರ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಚಪ್ಪಲಿ ಮೆಟ್ಟಿ ಹೊರಟೆ. ನಾನು ನಿಪ್ಪಾಣಿಯವನು. ನಮ್ಮಲ್ಲಿ ಹೊಳೆ ಇಲ್ಲದಿದ್ದರೇನು, ಮದುವೆಗಳಿಗೆ ಬರವಿಲ್ಲ. ಹಂದರವೆಂದರೆ ನಾಲ್ಕು ಕಂಬ, ಮೇಲೆ ನಾಲ್ಕು ಅಡ್ಡ ಬಿದಿರು, ಮುಗಿಯಿತು. ಅದರ ಕೆಳಗೆ ಎಷ್ಟು ಊಟ ಮಾಡಿಲ್ಲ ನಾನು!

"ಭೀಮಪ್ಪ, ನೆಲದಾಗ ಗಟ್ಟಿಯಾಗಿ ಕಂಬ ಹುಗಿ. ಗಾಳಿ ಬರಲಿ, ಮಳಿ ಬರಲಿ, ಅಲಗಾಡಬಾರದು," ಎಂದೆ.

ಅವನು ಕೈಯಲ್ಲಿದ್ದ ಬಿದಿರಿನ ಸೀಳನ್ನು ಕೆಳಗಿಟ್ಟು ಹೊಳೆಯ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ಹೌದ್ರಿ ಮಾಸ್ತರ್ರ. ಹುಗಿಯೂಣ್ರಿ."

"ಮಾಸ್ತರ ಹೇಳ್ಯಾರಂದ ಮ್ಯಾಲ ಹುಗೀಬೇಕ ನೋಡ್ರಿ," ಎಂದು ಗಂಗವ್ವ ಸೆರಗು ಬಾಯಿಗೆ ಹಿಡಿದಳು. ನಾನು ಅದನ್ನು ಗೌರವವೆಂದು ಭಾವಿಸಿದೆ.

ದೋಣಿಯ ಸುತ್ತ ನಾಲ್ಕು ಗುಂಡಿ ತೆಗೆದು ನಾಲ್ಕು ಕಂಬ ಹುಗಿದ. ಆಮೇಲೆ ಅವನು ಮಾಡಿದ ಕೆಲಸವನ್ನು ನಾನು ಬಾಯಿ ಮುಚ್ಚಿಕೊಂಡು ನೋಡಿದೆ, ನನ್ನ ಜೀವನದಲ್ಲಿ ಅಪರೂಪದ ಸಂಗತಿ ಇದು. ಬಿದಿರನ್ನು ಸೀಳಿ, ಹೊಳೆಯಲ್ಲಿ ನೆನೆಹಾಕಿದ್ದ. ನೆನೆದ ಸೀಳುಗಳನ್ನು ಮೊಳಕಾಲಿಗೆ ಒತ್ತಿ, ಅವಸರವಿಲ್ಲದೆ, ಸವಾರಿ ಗಾಡಿಯ ಕಮಾನಿನ ಹಾಗೆ ಬಗ್ಗಿಸುತ್ತ ಹೋದ. ಒಂದೊಂದರ ಎರಡೂ ತುದಿಗಳನ್ನು ದೋಣಿಯ ಅಂಚಿನೊಳಗೆ ಸಿಗಿಸಿ ಅಡ್ಡಹಲಗೆಗೆ ನಾರಿನಿಂದ ಬಿಗಿದ. ಒಂದು ಮೊಳೆ ಇಲ್ಲ. ಕಮಾನುಗಳ ಬೆನ್ನಿನ ಮೇಲೆ ಉದ್ದಕ್ಕೂ ಒಂದು ಬಿದಿರ ಗಳ. ತಾಡಪತ್ರಿ ಹರಿಯಬಾರದೆಂದು ಪ್ರತಿ ಗಂಟಿನ ಮೇಲೂ ಗಂಗವ್ವನ ಹಳೆಯ ಸೀರೆಯ ಚಿಂದಿ ಸುತ್ತಿದ. ತಾಡಪತ್ರಿ ಹೊದಿಸಿದ ಮೇಲೆ ಹಂದರದ ಹಿಂದುಮುಂದಿನ ಬಾಯಿ ಯಾಕೆ ತೆರೆದಿಟ್ಟೆ ಎಂದರೆ, "ಗಾಳಿ ಆಡದಿದ್ರ ಕಟಗಿ ಬೂಷ್ಟ ಹಿಡಿತೈತ್ರಿ," ಎಂದ.

ಕಮಾನು ಭಾರವನ್ನು ಎರಡೂ ಬದಿಗೆ ಹಂಚುತ್ತದೆ ಎಂದು ನಾನು ವರ್ಷ ವರ್ಷ ಹಲಗೆಯ ಮೇಲೆ ಬರೆದವನು. ಬಳಪದಿಂದ ಬರೆದ ಕಮಾನಿಗೆ ಭಾರವೇ ಇರುವುದಿಲ್ಲ, ಆದ್ದರಿಂದ ಅದು ಎಂದೂ ಮುರಿದಿರಲಿಲ್ಲ. ಮನುಷ್ಯ ತನಗೆ ಪ್ರಿಯವಾದದ್ದರ ಮೇಲೆಲ್ಲ ಕಮಾನು ಬಗ್ಗಿಸುತ್ತ ಬಂದಿದ್ದಾನೆ: ಗಾಡಿಗೆ, ಕೊಡೆಗೆ, ಬಾವಿಯ ಬಾಯಿಗೆ, ದೇವರ ಗೂಡಿಗೆ. ಅಂಗೈಯಿಂದ ಮಗುವಿನ ಹಣೆಗೆ ಬಿಸಿಲು ಮರೆಮಾಡುವಾಗಲೂ ಕೈ ತಾನಾಗಿ ಬಾಗುತ್ತದೆ. ಭೀಮಪ್ಪನ ಕೈಯೂ ದೋಣಿಯ ಮೇಲೆ ಹಾಗೇ ಬಾಗಿತ್ತು. ನನಗೆ ಅವನ ಮೇಲೆ ಹೊಟ್ಟೆಕಿಚ್ಚೂ ಬಂತು, ಅಭಿಮಾನವೂ ಬಂತು.

ಆದರೂ ದೂರದಿಂದ ನೋಡಿದರೆ ನಾಲ್ಕು ಕಂಬಗಳೇ ಎಲ್ಲವನ್ನೂ ಹೊತ್ತು ನಿಂತಂತೆ ಕಾಣುತ್ತಿತ್ತು. ನಾನು ಶಾಲೆಯಲ್ಲಿ ಹಾಗೇ ಹೇಳಿದೆ.

ಶ್ರಾವಣದಲ್ಲಿ ಮೇಲೆ ಘಟ್ಟದ ಕಡೆ ಎಡೆಬಿಡದೆ ಮಳೆ. ಒಂದು ಬೆಳಗ್ಗೆ ನೀರು ಎತ್ತರದ ದಂಡೆಗೂ ಬಂತೆಂದು ಸುದ್ದಿ ಬಂತು. ದೋಣಿ ಹೋಯಿತೆಂದೇ ಅಂದುಕೊಂಡು ನಾನು ಓಡಿದೆ. ನೋಡಿದರೆ ಸೊಂಟದ ಮಟ್ಟದ ನೀರು, ನಡುವೆ ನನ್ನ ನಾಲ್ಕು ಕಂಬ, ಅವುಗಳ ನಡುವೆ ದೋಣಿ ತನ್ನ ಕಮಾನು ತಾಡಪತ್ರಿಗಳನ್ನೆಲ್ಲ ಹೊತ್ತುಕೊಂಡು ಹಾಯಾಗಿ ಮೇಲೆದ್ದು ತೇಲುತ್ತಿತ್ತು. ಭೀಮಪ್ಪ ಮೈ ನೆನೆಸಿಕೊಂಡು ಅದರ ಅಂಚು ಹಿಡಿದು ನಿಂತಿದ್ದ. ತಾಡಪತ್ರಿಯ ಒಂದೇ ಒಂದು ದಾರವೂ ನನ್ನ ಕಂಬಗಳಿಗೆ ಕಟ್ಟಿರಲಿಲ್ಲ.

"ನನ್ನ ಕಂಬಕ್ಕ ಕಟ್ಟೇ ಇಲ್ಲಲ್ಲೋ!" ಎಂದೆ.

"ಕಟ್ಟಿದ್ರ ದೋಣಿ ಏಳಾಕ ಆಗ್ತಿರಲಿಲ್ರಿ. ನೀರ ಏರಿದಂಗ ಅದೂ ಏರಬೇಕಲ್ರಿ. ನೆಲಾ ಹಿಡಕೊಂಡ ಹಂದರ ತಲಿ ಮ್ಯಾಲ ಕುಂತಿದ್ರ ಅಲ್ಲೇ ಮುಳಗತಿತ್ರಿ."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

ಭೀಮಪ್ಪ ಮುಖದ ನೀರು ಒರೆಸಿಕೊಂಡ. "ಕಂಬ ಬ್ಯಾರೆ ಕೆಲಸಕ್ಕ ಬೇಕಾಗಿದ್ವ್ರಿ. ಹಗ್ಗಾ ಕಟ್ಟಾಕ. ಇವು ಇರಲಿಲ್ಲಂದ್ರ ದೋಣಿ ಇಷ್ಟೊತ್ತಿಗೆ ಎಲ್ಲಿ ಹೋಗಿರತಿತ್ತೋ!"

ನೋಡಿದೆ. ಹೌದು, ದೋಣಿಯ ಮೂತಿಯಿಂದ ನನ್ನ ಒಂದು ಕಂಬಕ್ಕೆ ಹಗ್ಗ ಬಂದಿತ್ತು. ನನ್ನ ಎದೆ ಉಬ್ಬಿತು. "ಹಂಗಂತನ ನಾನೂ ಹುಗಿಸಿದ್ದು," ಎಂದುಬಿಟ್ಟೆ.

ಆಗ ಇನ್ನೊಂದು ಹಗ್ಗ ಕಣ್ಣಿಗೆ ಬಿತ್ತು. ದಪ್ಪನೆಯದು, ತಂತಿಯ ಹಾಗೆ ಬಿಗಿದು, ದೋಣಿಯಿಂದ ಹಿಂದಿನ ಬೇವಿನ ಮರದ ಬುಡಕ್ಕೆ ಹೋಗಿತ್ತು. ಹೊಳೆಯ ಸೆಳೆತವನ್ನೆಲ್ಲ ಅದೇ ತಡೆದು ನಿಂತಿತ್ತು. ನನ್ನ ಕಂಬದ ಹಗ್ಗ ನೀರಿನ ಮೇಲೆ ಸಡಿಲವಾಗಿ ತೇಲುತ್ತಿತ್ತು.

ತಪ್ಪು ಉತ್ತರಕ್ಕೆ ಕೆಂಪು ಶಾಯಿಯ ಗೀರು ಎಳೆದೇ ನನ್ನ ನೌಕರಿ ಮುಗಿಯಿತು. ಭೀಮಪ್ಪ ನನ್ನ ತಪ್ಪು ಉತ್ತರಕ್ಕೆ ಒಂದು ಸಡಿಲ ಹಗ್ಗ ಕಟ್ಟಿ ಸುಮ್ಮನಿದ್ದ.