ತೀರಿಕೊಂಡ ಮೇಲೂ ಹಾಕಿದ ಸಹಿಗಳು

ನನ್ನ ಯಜಮಾನರು ತೀರಿಕೊಂಡದ್ದು ಒಂದು ಶನಿವಾರ ಮಧ್ಯಾಹ್ನ. ಅವರು ಕೆಲಸ ಮಾಡುತ್ತಿದ್ದ ಔಷಧದ ಗೋದಾಮಿನ ಕಾಗದದ ಪ್ರಕಾರ, ಅಂದು ಸಂಜೆ ಐದಕ್ಕೆ ಅವರು ಲಸಿಕೆ ಇಡುವ ಕೋಲ್ಡ್ ರೂಮಿಗೆ ಹೋಗಿ, ಉಷ್ಣಾಂಶ ನಾಲ್ಕು ಡಿಗ್ರಿ ಇದೆ ಎಂದು ನೋಡಿ, ಬರೆದು, ಸಹಿ ಹಾಕಿದ್ದಾರೆ. ಭಾನುವಾರ ಎರಡು ಹೊತ್ತೂ ಬಂದಿದ್ದಾರೆ. ಅಬ್ಬಿಗೆರೆಯ ಹಳೇ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದ್ದು ಅದೇ ಭಾನುವಾರ ಬೆಳಿಗ್ಗೆ. ಹೀಗೆ ಹನ್ನೊಂದನೇ ದಿನದ ತಿಥಿಯವರೆಗೂ ಅವರು ಒಂದು ದಿನವೂ ರಜೆ ಹಾಕಿಲ್ಲ.

ಇದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಅವರ ಕೆಲಸಕ್ಕೆ ನಾನೇ ಸೇರಿಕೊಂಡ ಮೇಲೆ.

ಕೆಲಸ ದೊಡ್ಡದಲ್ಲ. ಯಶವಂತಪುರದ ಆ ಗೋದಾಮಿನ ಹಿಂಭಾಗದಲ್ಲಿ ಒಂದು ಕೋಲ್ಡ್ ರೂಮು ಇದೆ. ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಅಲ್ಲಿ ಎರಡರಿಂದ ಎಂಟು ಡಿಗ್ರಿಯೊಳಗೆ ಇಟ್ಟು, ಆರ್.ಟಿ. ನಗರ, ತಣಿಸಂದ್ರ, ಯಲಹಂಕದ ಕಡೆಯ ಕ್ಲಿನಿಕ್‌ಗಳಿಗೆ ಕಳಿಸುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣಾಂಶ ನೋಡಿ ಬಾಗಿಲ ಮೇಲಿನ ಶೀಟಿನಲ್ಲಿ ಬರೆಯಬೇಕು. ದಿನಕ್ಕೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಸಹಿ. ಶೀಟಿನ ತಲೆಯಲ್ಲಿ ಆ ತಿಂಗಳ ಜವಾಬ್ದಾರಿ ಯಾರದು ಎಂದು ಹೆಸರು ಅಚ್ಚಾಗಿರುತ್ತದೆ. ಇಷ್ಟನ್ನು ಎಸೆಸೆಲ್ಸಿ ಓದಿದ ನಾನೂ ಮಾಡಬಲ್ಲೆ. ಆದರೆ ಇಷ್ಟನ್ನೂ ಮಾಡದೆ ಇರುವುದು ಹೇಗೆ ಎಂಬುದನ್ನು ಅಲ್ಲಿದ್ದವರು ವರ್ಷಗಟ್ಟಲೆ ಕಲಿತಿದ್ದರು.

ಅವರ ಪದ್ಧತಿ ಸರಳ. ಎಲ್ಲದಕ್ಕೂ ನಾಲ್ಕು. ಎರಡಕ್ಕೂ ಎಂಟಕ್ಕೂ ದೂರ, ಯಾರೂ ಪ್ರಶ್ನೆ ಕೇಳದ ಸಂಖ್ಯೆ. ಶನಿವಾರ ಮನೆಗೆ ಹೋಗುವ ಮುಂಚೆ ಭಾನುವಾರದ ಎರಡೂ ನಾಲ್ಕುಗಳನ್ನು ಬರೆದಿಟ್ಟು ಹೋಗುತ್ತಿದ್ದರು. ನಾಳೆಯ ಚಳಿ ಇಂದೇ ಗೊತ್ತಿರುವ ಜ್ಞಾನಿಗಳು. ನನ್ನ ಯಜಮಾನರು ಮಾತ್ರ ಮೂರು ಪಾಯಿಂಟ್ ಆರು, ಐದು ಪಾಯಿಂಟ್ ಒಂದು ಎಂದು ಬರೆಯುತ್ತಿದ್ದರು. ಭಾನುವಾರವೂ ಬಸ್ಸು ಹತ್ತಿ, ಜಾಲಹಳ್ಳಿ ದಾಟಿ ಹೋಗಿ ನೋಡಿ ಬರುತ್ತಿದ್ದರು. ಗೋದಾಮಿನಲ್ಲಿ ಅವರಿಗೆ ಪಾಯಿಂಟಣ್ಣ ಎಂದು ಹೆಸರಿಟ್ಟಿದ್ದರಂತೆ. ನಕ್ಕವರಲ್ಲಿ ನಾನೂ ಒಬ್ಬಳು ಎನ್ನುವುದನ್ನು ಮುಚ್ಚಿಡುವುದಿಲ್ಲ. ಭಾನುವಾರ ನೆಂಟರ ಮನೆಗೆ ಹೊರಟು ನಿಂತಾಗ ಇವರು ಚಪ್ಪಲಿ ಮೆಟ್ಟಿ ಯಶವಂತಪುರಕ್ಕೆ ಹೊರಟರೆ, ಆ ಡಬ್ಬ ಏನು ನಿಮ್ಮ ಹೆತ್ತ ತಾಯಿಯಾ ಎಂದು ಅಂದಿದ್ದೇನೆ. ಅವರು ಬಸ್ಸಿಗೆ ಚಿಲ್ಲರೆ ಎಣಿಸಿಕೊಂಡು ಹೊರಡುತ್ತಿದ್ದರು.

ಮ್ಯಾನೇಜರಿಗೂ ಅವರಿಗೂ ಒಮ್ಮೆ ಮಾತು ಬಂದಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮ್ಯಾನೇಜರು ತಮ್ಮ ಮನೆಯ ಸೇವಂತಿಗೆ, ಮಲ್ಲಿಗೆ ಎಲ್ಲವನ್ನೂ ಬಾಡದಿರಲೆಂದು ಕೋಲ್ಡ್ ರೂಮಿನಲ್ಲಿ ಇಡಿಸಿದ್ದರು. ಹೂ ತೆಗೆಯಲು ಇಡಲು ಬಾಗಿಲು ತೆರೆದೂ ತೆರೆದೂ ಒಳಗೆ ಸೆಕೆ ಏರಿತು. ಇವರು ಏರಿದ್ದನ್ನು ಏರಿದಂತೆಯೇ ಬರೆದು, ಹೂವಿನ ಬುಟ್ಟಿಯನ್ನು ಹೊತ್ತು ತಂದು ಮ್ಯಾನೇಜರ ಮೇಜಿನ ಮೇಲಿಟ್ಟರು. ಆ ವರ್ಷ ಅವರಿಗೆ ಸಂಬಳ ಏರಲಿಲ್ಲ. ಒಳಗೆ ಹೋಗುವಾಗ ತೊಡುವ ದಪ್ಪ ಜಾಕೀಟನ್ನು ಆ ಮ್ಯಾನೇಜರೇ ನಂದಿಬೆಟ್ಟಕ್ಕೆ ಹೋಗುವಾಗ ಹಾಕಿಕೊಂಡು ಹೋಗಿದ್ದರು. ಅದು ಬೆಟ್ಟದಿಂದ ಇಳಿದದ್ದು ಯಾರಿಗೂ ಕಾಣಲಿಲ್ಲ. ಈಗ ನಾನು ಶಾಲು ಹೊದ್ದು ಒಳಗೆ ಹೋಗುತ್ತೇನೆ.

ತಿಥಿಯ ದಿನ ಮ್ಯಾನೇಜರು ಮನೆಗೆ ಬಂದಿದ್ದರು. ಪಂಕ್ತಿಯಲ್ಲಿ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡು, ಕೈ ತೊಳೆದು ಬಂದು ನನ್ನ ಮುಂದೆ ನಿಂತರು. ಅಂಥ ಪ್ರಾಮಾಣಿಕ ಮನುಷ್ಯ ಇನ್ನು ಸಿಗುವುದಿಲ್ಲ, ಅವರ ಜಾಗ ನಿಮಗೇ ಎಂದರು. ನಾನು ಕೈ ಮುಗಿದೆ. ಅಂದು ಬೆಳಿಗ್ಗೆಯೂ ಆ ಪ್ರಾಮಾಣಿಕ ಮನುಷ್ಯನ ಸಹಿಯನ್ನು ಅವರ ಗೋದಾಮಿನಲ್ಲಿ ಯಾರೋ ಗೀಚಿದ್ದರು ಎಂದು ನನಗೆ ಹೇಗೆ ಗೊತ್ತಾಗಬೇಕು?

ಕೆಲಸಕ್ಕೆ ಸೇರಿದ ಮೇಲೆ ಬಿಡುವಿದ್ದಾಗ ಹಳೇ ಶೀಟುಗಳ ಕಡತ ತೆಗೆದು ನೋಡುತ್ತಿದ್ದೆ. ನೋಡುತ್ತಿದ್ದದ್ದು ಉಷ್ಣಾಂಶವನ್ನಲ್ಲ, ಅವರ ಅಕ್ಷರವನ್ನು. ಮನೆಯಲ್ಲಿ ಅವರು ಬರೆದದ್ದು ಅಂತ ಹೆಚ್ಚೇನೂ ಇರಲಿಲ್ಲ. ಹಾಗೆ ನೋಡುತ್ತಾ ಆ ಶನಿವಾರದ ಸಾಲಿಗೆ ಬಂದೆ. ಬೆಳಿಗ್ಗೆಯದು ಅವರದೇ, ನಾಲ್ಕು ಪಾಯಿಂಟ್ ಮೂರು. ಸಂಜೆಯದು ಬರೀ ನಾಲ್ಕು. ಅಲ್ಲಿಂದ ತಿಂಗಳ ಕೊನೆಯವರೆಗೆ ಹನ್ನೊಂದು ಸಾಲುಗಳಲ್ಲಿ ಅವರ ಸಹಿ, ಬೇರೆ ಕೈಯಲ್ಲಿ.

ಬರೆದವನು ಪ್ಯಾಕಿಂಗ್ ವಿಭಾಗದವನು. ಎರಡು ಮಕ್ಕಳ ತಂದೆ. ಕೇಳಿದ ತಕ್ಷಣ ಒಪ್ಪಿಕೊಂಡ, ಒಪ್ಪಿಕೊಳ್ಳುವುದರಲ್ಲಿ ಅವನಿಗೆ ನಾಚಿಕೆಯೇನೂ ಕಾಣಲಿಲ್ಲ.

“ಅಕ್ಕಾ, ಶೀಟಲ್ಲಿ ಅಣ್ಣನ ಹೆಸ್ರು ಪ್ರಿಂಟಾಗಿತ್ತಲ್ಲ. ತಿಂಗ್ಳು ಮುಗಿಯೋವರ್ಗೂ ಅದೇ ಹೆಸ್ರು ಓಡ್ಬೇಕು. ಖಾಲಿ ಬಿಟ್ರೆ ಬಯ್ತಾರೆ. ತಪ್ಪು ಬರೆದ್ರೆ ಯಾರೂ ಬಯ್ಯಲ್ಲ.”

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಬೇಕು. ನನಗೆ ಆದದ್ದು ಹೇಸಿಗೆ. ಸೀರೆಯ ನೆರಿಗೆ ಎತ್ತಿ ಹಿಡಿದು ಮೋರಿ ದಾಟುವಂತೆ ಕಡತ ಮುಚ್ಚಿಟ್ಟು ಕೆಲಸಕ್ಕೆ ಹೋದೆ. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎಂಬ ಲೆಕ್ಕವೂ ಇತ್ತು.

ಅದಾಗಿ ಕೆಲವು ದಿನಕ್ಕೆ ಲಸಿಕೆ ತಯಾರಿಸುವ ಕಂಪನಿಯಿಂದ ತಪಾಸಣೆಗೆ ಒಬ್ಬರು ಬಂದರು. ಕೋಲ್ಡ್ ರೂಮಿನ ಗೋಡೆಯ ಮೇಲೆ ಒಂದು ಪುಟ್ಟ ಯಂತ್ರ ಇದೆ. ಕೆಲವು ನಿಮಿಷಕ್ಕೊಮ್ಮೆ ತಾನೇ ಉಷ್ಣಾಂಶವನ್ನು ದಾಖಲಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಕೂಗುತ್ತದೆ. ಅದರ ಕೂಗುವ ತೂತಿಗೆ ನಮ್ಮವರು ಪ್ಯಾಕಿಂಗ್ ಟೇಪು ಅಂಟಿಸಿದ್ದರು. ಆದರೆ ಅದರ ನೆನಪಿಗೆ ಟೇಪು ಅಂಟಿಸಲು ಅವರಿಗೆ ತಿಳಿದಿರಲಿಲ್ಲ. ತಪಾಸಣೆಯವರು ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದರು. ಆ ಹನ್ನೊಂದು ದಿನಗಳಲ್ಲಿ ಒಂದು ಸೋಮವಾರ, ಸಂಜೆಯಿಂದ ಮಾರನೆಯ ಬೆಳಗಿನವರೆಗೆ ಒಳಗಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಿತ್ತು. ಶೀಟಿನಲ್ಲಿ ಮಾತ್ರ ನಾಲ್ಕು.

ಕೆಲವು ಲಸಿಕೆಗಳಿಗೆ ಸೆಕೆಗಿಂತ ಮಂಜು ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಮತ್ತೆ ಕರಗಿ, ನೋಡಲು ಮೊದಲಿನಂತೆಯೇ ಕಂಡರೂ, ಅದನ್ನು ಚುಚ್ಚಿದರೆ ಮಗುವಿಗೆ ಸಿಗುವುದು ನೋವು ಮಾತ್ರ. ನನ್ನ ಯಜಮಾನರು ಇದನ್ನು ನನಗೆ ಎಷ್ಟೋ ಸಲ ಹೇಳಿದ್ದರು, ನಾನು ಕಾಳು ಬಿಡಿಸುತ್ತಾ ಹೂಂ ಎಂದಿದ್ದೆ. ಆ ರಾತ್ರಿ ಒಳಗಿದ್ದ ಪೆಟ್ಟಿಗೆಗಳಲ್ಲಿ ಅರ್ಧ ಇನ್ನೂ ರ‍್ಯಾಕಿನಲ್ಲಿದ್ದವು. ಇನ್ನರ್ಧ ಕ್ಲಿನಿಕ್‌ಗಳಿಗೆ ಹೋಗಿದ್ದವು.

ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದರು. ಅವರು ಕಟ್ಟಿದ ಕಥೆಗೆ ನಾನು ಸಾಕ್ಷಿಯಾಗಬೇಕಿತ್ತು. ಶೀಟು ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ, ಅವರ ಹೆಂಡತಿ ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ ಎಂದು ತಪಾಸಣೆಯವರಿಗೆ ಆಗಲೇ ಹೇಳಿಬಿಟ್ಟಿದ್ದರು.

“ನೋಡಮ್ಮ, ಅಂಥ ಮನುಷ್ಯ ಕಣ್ಣಾರೆ ನೋಡಿ ನಾಲ್ಕು ಅಂತ ಬರೆದಿದಾರೆ ಅಂದ್ರೆ ಮಷೀನೇ ಕೆಟ್ಟಿದೆ ಅಂತ ಅರ್ಥ. ಸಹಿ ಅವರದೇ ಅಂತ ಒಂದು ಮಾತು ಹೇಳ್ಬಿಡಿ. ಮಾಲೂ ಉಳಿಯುತ್ತೆ, ನಿಮ್ಮ ಕೆಲ್ಸಾನೂ ಉಳಿಯುತ್ತೆ.”

ಬದುಕಿದ್ದಾಗ ಈ ಜನ ಅವರ ಪ್ರಾಮಾಣಿಕತೆಯನ್ನು ಟೀ ಹೊತ್ತಿನ ತಮಾಷೆ ಮಾಡಿಕೊಂಡಿದ್ದರು. ಈಗ ಅದೇ ಪ್ರಾಮಾಣಿಕತೆಯನ್ನು ಎಳೆದು ತಂದು, ಕೆಟ್ಟ ಲಸಿಕೆಯ ಪೆಟ್ಟಿಗೆಗೆ ಮುದ್ರೆ ಒತ್ತಲು ಬಳಸುತ್ತಿದ್ದರು. ಯಾರದೋ ಮಗುವಿನ ತೊಡೆಗೆ ಆ ಸೂಜಿ ಚುಚ್ಚಬೇಕು, ಅದೂ ನನ್ನ ಯಜಮಾನರ ಹೆಸರಿನಲ್ಲಿ.

ತಪಾಸಣೆಯವರು ಶೀಟನ್ನು ನನ್ನ ಕಡೆ ತಿರುಗಿಸಿ, ಇದು ನಿಮ್ಮ ಯಜಮಾನರ ಸಹಿಯೇ ಎಂದು ಕೇಳಿದರು. ಅವರ ಬೆರಳು ಆ ಸೋಮವಾರದ ಮೇಲಿತ್ತು.

“ಇಲ್ಲ ಸಾರ್,” ಎಂದೆ. “ಅವತ್ತು ನಾವು ಅವರಿಗೆ ಹಾಲು-ತುಪ್ಪ ಬಿಟ್ಟು ಬಂದಿದ್ವಿ. ಅವರು ಹೋಗಿ ಮೂರನೇ ದಿನ ಅದು.”

ಮ್ಯಾನೇಜರು ತಡಮಾಡಲಿಲ್ಲ. “ಪಾಪ, ಅಮ್ಮಂಗೆ ದುಃಖದಲ್ಲಿ ದಿನ ತಪ್ಪಿದೆ ಸಾರ್.”

ಬ್ಯಾಂಕು, ಗ್ಯಾಸು, ರೇಷನ್ ಕಾರ್ಡು, ಎಲ್ಲಿಗೆ ಹೋದರೂ ಕೇಳುತ್ತಾರೆಂದು ಮರಣ ಪತ್ರದ ಜೆರಾಕ್ಸ್ ಆಗೆಲ್ಲ ನನ್ನ ಚೀಲದಲ್ಲೇ ಇರುತ್ತಿತ್ತು. ತೆಗೆದು ಶೀಟಿನ ಪಕ್ಕಕ್ಕಿಟ್ಟೆ. ತಪಾಸಣೆಯವರು ಎರಡನ್ನೂ ನೋಡಿದರು, ಮತ್ತೆ ನೋಡಿದರು. ಮ್ಯಾನೇಜರು ಫೋನು ತೆಗೆದು ಯಾರೂ ಮಾಡದ ಕರೆಗೆ ಹಲೋ ಎನ್ನುತ್ತಾ ಹೊರಗೆ ಹೋದರು. ಆ ಫೋನಿನಲ್ಲೇ ಸಂಜೆಯವರೆಗೆ ಒಂದೊಂದು ಕ್ಲಿನಿಕ್‌ಗೂ ಹೇಳಿ ಪೆಟ್ಟಿಗೆಗಳನ್ನು ವಾಪಸು ತರಿಸಬೇಕಾಯಿತು. ಸಣ್ಣ ಪ್ರಾಬ್ಲಮ್ಮು ಎಂದೇ ಎಲ್ಲರಿಗೂ ಹೇಳುತ್ತಿದ್ದರು. ರ‍್ಯಾಕಿನಲ್ಲಿ ಉಳಿದಿದ್ದ ಪೆಟ್ಟಿಗೆಗಳಿಗೆ ಬಳಸಬಾರದು ಎಂಬ ಕೆಂಪು ಚೀಟಿ ಬಿತ್ತು. ನನ್ನ ಕೆಲಸ ಹೋಗಲಿಲ್ಲ. ಹೋಗದಿದ್ದದ್ದು ಅವರ ದೊಡ್ಡತನದಿಂದಲ್ಲ. ಕಂಪನಿಯ ಇನ್ನೊಂದು ಕಾಗದಕ್ಕೆ ಉತ್ತರ ಬರೆಯಬೇಕಾದೀತೆಂಬ ಹೆದರಿಕೆಯಿಂದ.

ಉಳಿದದ್ದು ಶೀಟು. ಅದನ್ನು ಹರಿಯುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ ಎಂದರು ತಪಾಸಣೆಯವರು. ತಪ್ಪು ಬರೆದವನೇ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಸಾಕ್ಷಿಗೆ ನನ್ನ ಸಹಿ.

ಪ್ಯಾಕಿಂಗ್‌ನವನನ್ನು ಕರೆಸಿದರು. ಅವನು ಅಪ್ಪಣೆಗಾಗಿ ಮ್ಯಾನೇಜರ ಕುರ್ಚಿಯ ಕಡೆ ನೋಡಿದ. ಅದು ಖಾಲಿ ಇತ್ತು. ಮೊದಲ ಸಾಲಿನಲ್ಲಿ ಬೆಳಗಿನ ನಾಲ್ಕು ಪಾಯಿಂಟ್ ಮೂರನ್ನು ಬಿಟ್ಟು, ಉಳಿದದ್ದರ ಮೇಲೆ ಗೆರೆ ಎಳೆದು ನಿಂತ.

“ಅಕ್ಕಾ, ಕಾರಣ ಏನಂತ ಬರೀಲಿ?”

“ತೀರಿಕೊಂಡಿದ್ದರು ಅಂತ ಬರಿ.”

ಬರೆದ. ನಾನು ಸಹಿ ಹಾಕಿದೆ. ಎರಡನೇ ಸಾಲಿಗೆ ಬಂದಾಗ ಸಮಯ ಉಳಿಸಲು ‘ಮೇಲಿನಂತೆ’ ಎಂದು ಎರಡು ಚುಕ್ಕೆ ಇಡಲು ಹೋದ. ನಾನು ಪೆನ್ನಿಗೆ ಅಡ್ಡ ಕೈ ಇಟ್ಟೆ. ಹನ್ನೊಂದು ಸಾಲಿಗೂ ಪೂರ್ತಿಯಾಗಿ ಬರೆಸಿದೆ.