ಸೋಮಪ್ರಭಾ ಅಂತ ಕೇಳು

ಕೆಂಗೇರಿಯ ಸೋಮಪ್ರಭಾ ಟಾಕೀಸಿನ ಬಾಲ್ಕನಿ ಬಾಗಿಲಲ್ಲಿ ನಿಂತು ಶಿವಗಂಗಮ್ಮ ಇಪ್ಪತ್ತಮೂರು ವರ್ಷ ಟಿಕೆಟ್ ಹರಿದಳು. ಯಾರದಾದರೂ ಕೂಸು ಅತ್ತರೆ ತಾನೇ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ತಟ್ಟುತ್ತಾ ಕೂರುವಳು. ಪಾಪ, ತಾಯಿ ನೆಮ್ಮದಿಯಾಗಿ ಒಂದು ಸಿನಿಮಾ ನೋಡಲಿ ಅಂತ.

ಹದಿನೈದು ವರ್ಷದ ಹಿಂದಿನ ಮಾತು. ಒಂದು ಗುರುವಾರ ಮ್ಯಾಟ್ನಿ ಬಿಟ್ಟಿತ್ತು. ಜನ ಏನಾದರೂ ಮರೆತು ಹೋಗಿದ್ದಾರೇನೋ ಎಂದು ಸಾಲು ಸಾಲು ನೋಡುತ್ತಾ ಬಂದವಳಿಗೆ ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಹೆಣ್ಣುಮಗು ಮಲಗಿದ್ದು ಕಂಡಿತು. ತಲೆಯಡಿ ಬಟ್ಟೆಯ ಚೀಲ. ಅದರೊಳಗೆ ಎರಡು ಫ್ರಾಕು, ಬಿಸ್ಕತ್ತಿನ ಪ್ಯಾಕೆಟ್ಟು, ಒಂದು ಬಾಚಣಿಗೆ. ಬಾಚಣಿಗೆ ನೋಡಿದ್ದೇ ಅವಳಿಗೆ ಗೊತ್ತಾಯಿತು. ಇದು ಮರೆತು ಬಿಟ್ಟುಹೋದ ಮಗುವಲ್ಲ.

ಮ್ಯಾನೇಜರ್ ಏಕಾಂತಯ್ಯ, "ಸ್ಟೇಷನ್‌ಗೆ ತಿಳಿಸ್ಬೇಕು ಕಣಮ್ಮ," ಅಂದರು.

"ಎರಡೇ ದಿನ ತಡೀರಿ ಸಾರ್. ಹೆತ್ತ ಕರುಳು, ಬಂದೇ ಬರ್ತಾಳೆ."

ಯಾರೂ ಬರಲಿಲ್ಲ. ಮಗು ಹೆಸರು ಕೇಳಿದರೆ "ಚಿನ್ನು" ಎನ್ನುತ್ತಿತ್ತು, ಊರು ಕೇಳಿದರೆ "ಬಸ್ಸು" ಎನ್ನುತ್ತಿತ್ತು. ಎರಡು ದಿನ ಅದು ಶಿವಗಂಗಮ್ಮನ ಸೆರಗು ಹಿಡಿದೇ ಓಡಾಡಿತು, ಅವಳ ಪಕ್ಕದಲ್ಲೇ ಮಲಗಿತು. ಮೂರನೆಯ ದಿನ ಮಹಿಳಾ ಪೊಲೀಸರು ಬಂದಾಗ ಸೆರಗು ಬಿಡಿಸುವುದೇ ಕಷ್ಟವಾಯಿತು.

ಶಿವಗಂಗಮ್ಮ ಕುಕ್ಕರುಗಾಲಲ್ಲಿ ಕೂತು ಹೇಳಿದಳು. "ನಾನು ಎಲ್ಲೂ ಹೋಗಲ್ಲ ಕಣೇ, ಇಲ್ಲೇ ಇರ್ತೀನಿ. ದೊಡ್ಡೋಳಾದ್ಮೇಲೆ ಕೆಂಗೇರೀಲಿ ಸೋಮಪ್ರಭಾ ಅಂತ ಕೇಳು, ಯಾರ್ ಬೇಕಾದ್ರೂ ತೋರಿಸ್ತಾರೆ. ಎಲ್ಲಿ, ಹೇಳು?"

ಮಗು ಬಿಕ್ಕುತ್ತಲೇ "ಸೋಮಪಬಾ" ಅಂದಿತು.

ತಿಂಗಳಾದ ಮೇಲೆ ಮಗುವನ್ನು ಇಟ್ಟಿದ್ದ ಬಾಲಮಂದಿರ ಹುಡುಕಿಕೊಂಡು ಹೋದಳು. "ನೀವು ಏನಾಗ್ಬೇಕು ಮಗೂಗೆ?" ಎಂದು ಕೇಳಿದರು. ಏನೆಂದು ಹೇಳುವುದು? ವಾಪಸ್ಸು ಬಂದಳು. ಇನ್ನೊಂದು ಸಲ ಹೋಗುವಷ್ಟರಲ್ಲಿ ಮಗುವನ್ನು ಯಾರೋ ದತ್ತು ತೆಗೆದುಕೊಂಡಿದ್ದರು. ಯಾರು, ಎಲ್ಲಿ ಎಂದು ಹೇಳುವ ಹಾಗಿಲ್ಲವಂತೆ.

ಆಮೇಲೆ ಗಾರ್ಮೆಂಟ್ಸಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದರೂ ಅವಳು ಹೋಗಲಿಲ್ಲ. ಗಂಡ ಬೈರಯ್ಯ ಆಟೋ ಓಡಿಸುವವನು, ಸಿಡುಕಿನವನೇನಲ್ಲ. ಅವನೂ ಒಂದು ದಿನ ಅಂದ. "ನಾಲ್ಕು ವರ್ಷದ ಕೂಸು ಕಣೇ. ಅದಕ್ಕೆಲ್ಲಿ ನೆನಪಿರುತ್ತೆ?"

"ನೆನಪಿದ್ರೆ?" ಅಂದಳು ಶಿವಗಂಗಮ್ಮ.

ಕೊರೊನಾ ವರ್ಷ ಮುಚ್ಚಿದ ಟಾಕೀಸು ಮತ್ತೆ ತೆರೆಯಲೇ ಇಲ್ಲ. ಹೋದ ವರ್ಷ ಜೆಸಿಬಿ ಬಂತು. ಮೂರು ದಿನ ಅವಳು ಎದುರಿನ ಬೇಕರಿ ಮುಂದೆ ನಿಂತು ನೋಡಿದಳು. ಮೊದಲು ಟಿಕೆಟ್ ಕೌಂಟರು, ಆಮೇಲೆ ಪರದೆಯ ಗೋಡೆ, ಕೊನೆಗೆ ಬಾಲ್ಕನಿ. ಸುತ್ತ ತಗಡು ಬಡಿದರು. ಅಪಾರ್ಟ್‌ಮೆಂಟ್ ಬರುತ್ತದಂತೆ. ಅವಳು ಇದ್ದಿಲಿನಿಂದ ತಗಡಿನ ಮೇಲೆ ತನ್ನ ಹೆಸರು, ಫೋನ್ ನಂಬರು ಬರೆದಳು. ವಾರದೊಳಗೆ ಅದರ ಮೇಲೆ ಈಜುಕೊಳದ ಚಿತ್ರವಿರುವ ದೊಡ್ಡ ಬ್ಯಾನರ್ ಬಂದು ಕೂತಿತು.

ಕೊನೆಗೆ ಬಿಲ್ಡರ್ ಆಫೀಸಿನೊಳಕ್ಕೇ ಹೋದಳು. ಮೇಜಿನ ಹಿಂದೆ ಕೂತಿದ್ದ ಕುಸುಮಾ ಎಂಬ ಹುಡುಗಿ ಕುರ್ಚಿ ಕೊಟ್ಟು ನೀರು ಕೊಟ್ಟಳು.

"ಯಾರಾದ್ರೂ ಹುಡುಗಿ ಬಂದು ಸೋಮಪ್ರಭಾ ಎಲ್ಲಿ ಅಂತ ಕೇಳಿದ್ರೆ ಈ ನಂಬರ್ ಕೊಡಮ್ಮ. ಈಗ ಹತ್ತೊಂಬತ್ತು ವರ್ಷ ಇರ್ಬೋದು ಅವಳಿಗೆ."

"ನೋಡೋಕೆ ಹೇಗಿದಾರೆ ಆಂಟಿ?"

ಶಿವಗಂಗಮ್ಮ ಮೇಜಿನೆತ್ತರಕ್ಕೆ ಕೈ ಹಿಡಿದು ಮತ್ತೆ ಇಳಿಸಿದಳು. ಈಗ ಹೇಗಿದ್ದಾಳೋ ಗೊತ್ತಿರಲಿಲ್ಲ. ಕುಸುಮಾ ಮತ್ತೇನೂ ಕೇಳದೆ ನಂಬರನ್ನು ಕಂಪ್ಯೂಟರಿಗೆ ಹಾಕಿಕೊಂಡಳು.

ಮರುವಾರದಿಂದ ಫೋನು ಶುರುವಾಯಿತು. "ಮೇಡಂ, ಎರಡು ಬೆಡ್‌ರೂಮ್ ನೋಡ್ತಾ ಇದೀರಾ, ಮೂರಾ?" ದಿನಕ್ಕೊಂದು, ಕೆಲವು ದಿನ ಮೂರು. ಬೈರಯ್ಯ ಬ್ಲಾಕ್ ಮಾಡಿಕೊಡುತ್ತೀನಿ ಎಂದು ಕೈ ಚಾಚಿದ. ಅವಳು ಫೋನು ಕೊಡಲಿಲ್ಲ.

ನಿನ್ನೆಯೂ ಒಂದು ಬಂತು, ಎಳೆಯ ದನಿ. ಆ ಹುಡುಗಿ ಪಾರ್ಕಿಂಗು, ಲಿಫ್ಟು ಎಲ್ಲ ಹೇಳಿ ಮುಗಿಸುವವರೆಗೂ ಶಿವಗಂಗಮ್ಮ ಹ್ಞೂಂಗುಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನಿಂದು ಯಾವೂರಮ್ಮ?"

"ದಾವಣಗೆರೆ ಆಂಟಿ. ಯಾಕೆ?"

"ಏನಿಲ್ಲಮ್ಮ. ಊಟ ಆಯ್ತಾ?"