ವಾರಗಿತ್ತಿಯ ಪ್ಲೇಟು

ನನ್ನ ವಾರಗಿತ್ತಿಯ ಸೋಬಾನೆ ಇಲ್ಲದೆ ಮಧುಗಿರಿ ಸೀಮೆಯಲ್ಲಿ ಮದುಮಗಳು ಹಸೆಗೆ ಕೂರುತ್ತಿರಲಿಲ್ಲ ಎಂದು ಊರವರು ಹೇಳುತ್ತಾರೆ. ಅವಳ ಸೋಬಾನೆಯಂತೆ! ನಮ್ಮ ಸೋಬಾನೆ ಅನ್ನಬೇಕು. ಅವಳು ಒಂದು ಸಾಲು ಎತ್ತುತ್ತಿದ್ದಳು, ಅದೇ ಸಾಲನ್ನು ನಾನು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳಿಗೆ ಉಸಿರು ತಿರುಗುತ್ತಿತ್ತು, ಮುಂದಿನ ಸಾಲು ನೆನಪಾಗುತ್ತಿತ್ತು. ಪುರವರದ ಹತ್ತಿರದ ನಮ್ಮ ಮನೆಯಲ್ಲಿ ಬೀಸುವ ಕಲ್ಲಿನ ಆಚೆ ಈಚೆ ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತ ನಮಗೆ ಬಂದ ಅಭ್ಯಾಸ ಅದು.

ಯುದ್ಧ ಶುರುವಾಗುವ ಮುಂಚೆ ಒಂದು ಮದುವೆಯಲ್ಲಿ ಬೆಂಗಳೂರಿನ ಗ್ರಾಮಫೋನ್ ಪ್ಲೇಟ್ ಕಂಪನಿಯವನೊಬ್ಬ ನಮ್ಮ ಹಾಡು ಕೇಳಿದ. ಮಾರನೆಯ ದಿನ ಮನೆಗೇ ಬಂದು ಭಾವನ ಹತ್ತಿರ ಮಾತಾಡಿದ.

"ಒಂದು ಕಂಠ ಸಾಕು. ಹಾಡಿದ್ದನ್ನೇ ಇನ್ನೊಬ್ಬರು ಹಾಡಿದರೆ ಪ್ಲೇಟಿನಲ್ಲಿ ಜಾಗ ದಂಡ" ಅಂದ.

ನಾವಿಬ್ಬರೂ ಬಾಗಿಲ ಹಿಂದೆಯೇ ನಿಂತಿದ್ದೆವು. 'ನಾನೊಬ್ಳೇ ಬರಾಕಿಲ್ಲ' ಅಂತ ಅವಳು ಒಂದು ಮಾತು ಅನ್ನುತ್ತಾಳೆ ಎಂದು ಕಾದೆ. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ. ನನ್ನ ಮೈಯೆಲ್ಲ ಉರಿದುಹೋಯಿತು.

ಅವಳೊಬ್ಬಳೇ ಹೋಗಿ ಹಾಡಿದ ಪ್ಲೇಟು ಬಂದಮೇಲೆ ಕೇಳಬೇಕೆ? ಕೊರಟಗೆರೆಯವರು ಕಮಾನುಗಾಡಿ ಕಳಿಸಿದರು. ಪಾವಗಡದ ಕಡೆ "ಪ್ಲೇಟಮ್ಮ ವಚ್ಚಿಂದಿ", ಪ್ಲೇಟಮ್ಮ ಬಂದಳು, ಎಂದು ತೆಲುಗಿನಲ್ಲಿ ಕೂಗಿ ಅವಳಿಗೆ ಕುರ್ಚಿ ಹಾಕಿದರು, ನನಗೆ ಚಾಪೆ. ಮೊದಲ ವೀಳ್ಯ ಪದ ಎತ್ತುವವಳಿಗೇ ಸಲ್ಲಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಲ್ಲೊಬ್ಬಳು, ವಾರಗಿತ್ತಿಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ನನ್ನನ್ನು ತೋರಿಸಿ, "ಇವ್ಳು ಮಗೀನ ನೋಡ್ಕಳಾಕೆ ಬಂದೋಳಿರ್ಬೇಕು" ಅಂದಳು.

ಆ ಪ್ಲೇಟನ್ನು ನಾನು ಹಟ ಹಿಡಿದು ಕೇಳದೆ ಉಳಿದಿದ್ದೆ. ಒಮ್ಮೆ ಸೀರೆ ಕೊಳ್ಳಲು ಗಂಡನ ಜೊತೆ ಶಿರಾಕ್ಕೆ ಹೋದಾಗ ಸಾಬರ ಜವಳಿ ಅಂಗಡಿಯಲ್ಲಿ ಅದೇ ಹಾಡುತ್ತಿತ್ತು. ಅವಳು ಸಾಲು ಎತ್ತಿದಳು. ಎತ್ತಿ, ನಿಲ್ಲಿಸಿದಳು. ನನ್ನ ಸಾಲಿನಷ್ಟು ಹೊತ್ತು ಬರೀ ಮುಳ್ಳಿನ ಕರಕರ. ಆಮೇಲೆ ಮುಂದಿನ ಸಾಲು, ಮತ್ತೆ ಅಷ್ಟೇ ಖಾಲಿ. ಮೂರನೆಯ ಸಾಲಿಗೆ ನನ್ನ ಬಾಯಿ ತಾನಾಗಿ ಎತ್ತಿಕೊಂಡಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅರೆ, ಸುಮ್ನಿರಮ್ಮ. ಪ್ಲೇಟಮ್ಮ ಹಾಡ್ತಾವ್ರೆ, ನೀನ್ಯಾಕೆ ನಡುವೆ ಬಾಯಿ ಹಾಕಿ ಕೆಡಿಸ್ತೀಯ?" ಅಂದರು ಸಾಬರು.

ಸೀರೆ ಕೊಳ್ಳದೆ ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಕಲ್ಲಿನ ಮುಂದೆ ಕೂತಾಗ ಕೇಳಿಯೇಬಿಟ್ಟೆ.

"ಪ್ಲೇಟ್ನಾಗೆ ಯಾಕಕ್ಕ ಅಂಗೆ ನಿಲ್ಸಿದ್ದೀಯ?"

"ನೀನು ಎತ್ಕೊಂತೀಯ ಅಂತ ನಿಂತ್ಬುಟ್ಟೆ ಕಣೆ. ನಿಲ್ಲಬೇಡ ಅಂತ ಅವ್ನು ಬೈದ. ತಿರುಗಾ ಹಾಡ್ದೆ, ತಿರುಗಾ ನಿಂತೆ. ನೀನಿಲ್ದೆ ಮುಂದಿನ ಸಾಲೇ ಬಾಯಿಗೆ ಬರ್ಲಿಲ್ಲ."

"ಈ ಮಾತ ಅವತ್ತೇ ಅವ್ನಿಗೆ ಹೇಳ್ಬೇಕಿತ್ತು."

ಅವಳು ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿದಳು. "ಹೇಳಿದ್ರೆ ನನ್ನೂ ಬುಟ್ಟೋಗ್ತಿದ್ದ" ಅಂದಳು.

ಆಮೇಲೆ ಏನೂ ಆಗಿಲ್ಲವೆಂಬಂತೆ ಪದ ಎತ್ತಿ, ನಿಲ್ಲಿಸಿ, ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿಕೊಂಡೆ. ಕಲ್ಲು ತಿರುಗುತ್ತಿತ್ತು, ಒಂದೇ ಗೂಟದ ಮೇಲೆ ನಮ್ಮಿಬ್ಬರ ಕೈ. ಅವಳು ಮುಂದಿನ ಸಾಲಿಗೆ ಹೋಗದೆ ಕಾದಳು. ಕಾಯಲಿ ಅಂದುಕೊಂಡೆ. ಮೊರದಲ್ಲಿದ್ದ ರಾಗಿಯನ್ನೆಲ್ಲ ಅವತ್ತು ಹಾಡಿಲ್ಲದೆ ಬೀಸಿದೆವು.